ಆರು ಮಿಣಿಯ ನೀರು: ನಮೀಬಿಯಾದಲ್ಲಿ ಒಬ್ಬಳೇ ಹನ್ನೊಂದು ದಿನ

ನನ್ನ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಚಿಕ್ಕವಳಿದ್ದಾಗ ಬೇಸಿಗೆ ಬಂತೆಂದರೆ ನಮಗೆ ರಜೆಯ ನೆನಪಲ್ಲ, ಕೊಡದ ನೆನಪು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾದಾಗ ಅಪ್ಪ ಫೋನಿನಲ್ಲಿ ಮಳೆ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಅಂಥವಳು ರಜೆ ಸಿಕ್ಕಾಗ ಹಸಿರು ಇರುವ ಕಡೆ ಹೋಗಬೇಕಲ್ವಾ ಎಂದು ಬೆಂಗಳೂರಿನ ಗೆಳತಿಯರು ಕೇಳಿದರು. ನನಗೆ ಮಾತ್ರ ನಮಗಿಂತ ಒಣಗಿದ ನೆಲದಲ್ಲಿ ಜನ ಹೇಗೆ ಬದುಕುತ್ತಾರೆ ನೋಡಬೇಕಿತ್ತು. 2024ರ ಜುಲೈನಲ್ಲಿ ಆಫ್ರಿಕಾದ ನಮೀಬಿಯಾಕ್ಕೆ ಹೊರಟೆ. ಅದಕ್ಕೂ ಎರಡು ತಿಂಗಳ ಮೊದಲು ಅಲ್ಲಿನ ಸರ್ಕಾರವೂ ಬರಗಾಲದ ತುರ್ತು ಪರಿಸ್ಥಿತಿ ಘೋಷಿಸಿತ್ತು.

ಅವ್ವ ಮೂವತ್ತು ಕಡಕ್ ಸಜ್ಜಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಮಾಂಸ ತಿನ್ನದವರು ಅಲ್ಲಿಗೆ ಹೋಗುವುದಾದರೆ ಹೀಗೆ ಏನಾದರೂ ಒಯ್ಯಿರಿ, ದಾರಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲ ದಿನ: ವಿಂಡ್‌ಹುಕ್

ವಿಮಾನ ನಿಲ್ದಾಣದಿಂದ ರಾಜಧಾನಿ ವಿಂಡ್‌ಹುಕ್ ನಗರಕ್ಕೆ ಸುಮಾರು 45 ಕಿಲೋಮೀಟರ್. ಕಾರು ಬಾಡಿಗೆಗೆ ತೆಗೆದುಕೊಂಡು ಹೊರಬಿದ್ದೆ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಹಾಗಾಗಿ ಕೈಗೆ ಹೊಸದೆನಿಸಲಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಹೊಸದು. ಒಣಹುಲ್ಲು, ಜಾಲಿ, ದೂರದಲ್ಲಿ ಬೆಟ್ಟ. ನಡುವೆ ಒಂದು ಮನೆಯೂ ಇಲ್ಲ. 8 ಲಕ್ಷ ಚದರ ಕಿಲೋಮೀಟರಿಗೂ ದೊಡ್ಡ ದೇಶದಲ್ಲಿ ಇರುವುದು ಸುಮಾರು 30 ಲಕ್ಷ ಜನ. ನಮ್ಮ ಕರ್ನಾಟಕದಂಥ ನಾಲ್ಕು ರಾಜ್ಯ ಅದರಲ್ಲಿ ಹಿಡಿಸುತ್ತವೆ.

ಉಳಿದುಕೊಂಡ ಮನೆಯಲ್ಲಿ ಕುಡಿಯುವ ನೀರಿನ ಬಾಟಲಿ ಕೇಳಿದೆ. ಮನೆಯೊಡತಿ ಅಡುಗೆಮನೆಯ ನಲ್ಲಿ ತೋರಿಸಿದರು. "ಇದನ್ನೇ ಕುಡಿಯಿರಿ. ನಾವು ಹುಟ್ಟಿದಾಗಿನಿಂದ ಇದನ್ನೇ ಕುಡಿದಿದ್ದೇವೆ." ಆಮೇಲೆ ವಿವರಿಸಿದರು. ಬಳಸಿ ಬಿಟ್ಟ ಚರಂಡಿ ನೀರನ್ನು ಶುದ್ಧ ಮಾಡಿ ನೇರವಾಗಿ ಕುಡಿಯುವ ನೀರಿಗೆ ಸೇರಿಸುವ ಕೆಲಸವನ್ನು ಜಗತ್ತಿನಲ್ಲೇ ಮೊದಲು ಶುರು ಮಾಡಿದ ನಗರ ಇದು. ಗೊರೆಯಾಂಗಾಬ್ ಘಟಕ 1968ರಲ್ಲಿ ಆರಂಭವಾಯಿತು. 2002ರಿಂದ ಹೊಸ, ದೊಡ್ಡ ಘಟಕ ನಡೆಯುತ್ತಿದೆ. ನಗರದ ನೀರಿನಲ್ಲಿ ಸುಮಾರು ಕಾಲು ಭಾಗ ಅಲ್ಲಿಂದಲೇ ಬರುತ್ತದೆ. ದೇಶದ ಗಡಿಗಳಲ್ಲಿ ಬಿಟ್ಟರೆ ಒಳನಾಡಿನಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನೆಲದಲ್ಲಿ ಬೇರೇನು ಮಾಡಬೇಕು? ಒಂದು ಲೋಟ ಕುಡಿದೆ. ನೀರಿನ ರುಚಿಯೇ ಇತ್ತು.

ಮಧ್ಯಾಹ್ನ ಶೇರ್ ಟ್ಯಾಕ್ಸಿಯಲ್ಲಿ ನಗರದ ಕಟುಟುರ ಬಡಾವಣೆಗೆ ಹೋದೆ. ವರ್ಣಭೇದದ ದಿನಗಳಲ್ಲಿ ಕಪ್ಪು ಜನರನ್ನು ಹಳೆಯ ವಸತಿಯಿಂದ ಎಬ್ಬಿಸಿ ಇಲ್ಲಿಗೆ ಸಾಗಿಸಿದ್ದರು. ಅದನ್ನು ವಿರೋಧಿಸಿದವರ ಮೇಲೆ 1959ರ ಡಿಸೆಂಬರ್ 10ರಂದು ಗುಂಡು ಹಾರಿಸಿದ್ದರು. 'ಕಟುಟುರ' ಎಂದರೆ ಹೆರೆರೊ ಭಾಷೆಯಲ್ಲಿ 'ನಮಗೆ ಇರಲು ಮನಸ್ಸಿಲ್ಲದ ಜಾಗ'. ಜನರೇ ಇಟ್ಟ ಹೆಸರು, ಇನ್ನೂ ಹಾಗೇ ಉಳಿದಿದೆ. ಟ್ಯಾಕ್ಸಿಯವರು ಇಳಿಸುವಾಗ "ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ, ಕತ್ತಲಾಗುವ ಮೊದಲು ವಾಪಸ್ ಹೊರಡಿ" ಎಂದರು. ಎರಡನ್ನೂ ಪಾಲಿಸಿದೆ.

ಓಶೇಟು ಮಾರುಕಟ್ಟೆಯಲ್ಲಿ ಸಾಲಾಗಿ ಕೆಂಡದ ಒಲೆಗಳು. ಎಲ್ಲರೂ ತಿನ್ನುವುದು ಕಪಾನ, ಅಂದರೆ ಕೆಂಡದ ಮೇಲೆ ಸುಟ್ಟ ದನದ ಮಾಂಸದ ತುಂಡುಗಳು. ನಾನು ತಿನ್ನುವುದಿಲ್ಲ ಎಂದಾಗ ಒಬ್ಬ ಹೆಂಗಸು ಬೇಸರಿಸಲಿಲ್ಲ. ಮಂಗಳೂರು ಬನ್ಸ್‌ನಂಥ ದುಂಡನೆಯ ಕರಿದ ಹಿಟ್ಟಿನ ಉಂಡೆ ಕೊಟ್ಟರು, ಜೊತೆಗೆ ಈರುಳ್ಳಿ, ಟೊಮೆಟೊ, ಖಾರದ ಪುಡಿ. ಕುಡಿಯಲು ಪ್ಲಾಸ್ಟಿಕ್ ಮಗ್ಗಿನಲ್ಲಿ ಕಂದು ಬಣ್ಣದ ಒಂದು ಪಾನೀಯ. ಹೆಸರು ಓಶಿಕುಂಡು. ಬಾಯಿಗಿಟ್ಟ ತಕ್ಷಣ ನಿಂತುಬಿಟ್ಟೆ. ತುಸು ಹುಳಿ, ಹಿಟ್ಟಿನ ಘಮ. ನಮ್ಮ ಅಂಬಲಿ! ಯಾವ ಕಾಳಿನದು ಎಂದು ಕೇಳಿದೆ. "ಮಹಾಂಗು" ಎಂದು ಚೀಲ ಬಿಚ್ಚಿ ತೋರಿಸಿದರು. ಬೂದು ಬಣ್ಣದ ಸಣ್ಣ ಕಾಳು. ಸಜ್ಜೆ.

"ಇದು ನಮ್ಮ ಮನೆಯಲ್ಲಿ ಬೆಳೀತೀವಿ" ಎಂದೆ. ಅವರು ನಂಬಲಿಲ್ಲ. ಭಾರತದವರು ಅಕ್ಕಿ ತಿನ್ನುತ್ತಾರೆ ಎಂದು ಪಕ್ಕದ ಅಂಗಡಿಯವಳೂ ಸೇರಿಕೊಂಡಳು. ಬ್ಯಾಗಿನಿಂದ ಒಂದು ಸಜ್ಜಿ ರೊಟ್ಟಿ ತೆಗೆದು ಮುರಿದುಕೊಟ್ಟೆ. ಇಬ್ಬರೂ ಮೂಸಿ, ಕಚ್ಚಿ, ಒಬ್ಬರ ಮುಖ ಒಬ್ಬರು ನೋಡಿದರು. "ಮಹಾಂಗು ನೋಡಬೇಕೆಂದರೆ ಉತ್ತರಕ್ಕೆ ಹೋಗು, ನಮ್ಮೂರ ಕಡೆ" ಎಂದರು ಮೊದಲನೆಯವರು. ನನ್ನ ಯೋಜನೆಯಲ್ಲಿ ಉತ್ತರ ಇರಲೇ ಇಲ್ಲ. ರಾತ್ರಿ ಕೂತು ಎರಡು ದಿನ ಆ ಕಡೆಗೆ ತಿರುಗಿಸಿದೆ.

ಎರಡನೇ ದಿನ: ಸೆಸ್ರಿಯೆಮ್ ದಾರಿ

ರೆಹೋಬೋತ್ ದಾಟಿ ಬಲಕ್ಕೆ ಹೊರಳಿದ ಮೇಲೆ ಟಾರು ಮುಗಿಯಿತು. ಜಲ್ಲಿ ರಸ್ತೆ ನೋಡಲು ಸಪಾಟು, ಆದರೆ ಅದನ್ನು ನಂಬಬಾರದು. ಚಕ್ರದ ಕೆಳಗೆ ಸಣ್ಣ ಕಲ್ಲು ಗೋಲಿಗಳಂತೆ ಉರುಳುತ್ತವೆ. ಎಂಬತ್ತರ ಮೇಲೆ ಹೋಗಬೇಡಿ ಎನ್ನುತ್ತಾರೆ. ನಾನು ಅರವತ್ತರಲ್ಲೇ ಹೋದೆ. ಎದುರಿಗೆ ಗಂಟೆಗೆ ನಾಲ್ಕೈದು ಗಾಡಿ ಬಂದರೆ ಹೆಚ್ಚು. ಬಂದವರೆಲ್ಲ ಕೈ ಎತ್ತುತ್ತಾರೆ. ಮೊದಮೊದಲು ಪರಿಚಯದವರೆಂದುಕೊಂಡಿದ್ದಾರೇನೋ ಅನ್ನಿಸಿತು. ಆಮೇಲೆ ನಾನೂ ಎತ್ತತೊಡಗಿದೆ. ಅಷ್ಟು ಖಾಲಿ ನೆಲದಲ್ಲಿ ಇನ್ನೊಂದು ಮುಖ ಕಂಡರೆ ಖುಷಿಯಾಗುವುದು ಸಹಜ.

ದಾರಿಬದಿಯ ಜಾಲಿ ಮರಗಳಲ್ಲಿ ಹುಲ್ಲಿನ ಬಣವೆಯನ್ನೇ ಎತ್ತಿಟ್ಟಂತೆ ಗೂಡುಗಳು. ನಮ್ಮ ಗೀಜಗದ ಹಾಗೆ ಹುಲ್ಲಿನಲ್ಲಿ ಗೂಡು ಕಟ್ಟುವ ಹಕ್ಕಿಯದೇ ಕೆಲಸ. ಇಲ್ಲಿ ಮಾತ್ರ ನೂರಾರು ಹಕ್ಕಿ ಸೇರಿ ಒಂದೇ ಚಾವಣಿಯ ಕೆಳಗೆ ವಾಸ. ಹಗಲಿನ ಬಿಸಿಲು, ರಾತ್ರಿಯ ಚಳಿ ಎರಡಕ್ಕೂ ಅದೇ ರಕ್ಷಣೆ.

ಸೊಲಿಟೇರ್ ಎಂಬ ಊರಿನಲ್ಲಿ ಪೆಟ್ರೋಲ್ ಬಂಕ್, ಬೇಕರಿ, ಮರಳಲ್ಲಿ ಹೂತ ಹಳೇ ಕಾರುಗಳು. ಊರೆಂದರೆ ಅಷ್ಟೇ. ಬೇಕರಿಯ ಆಪಲ್ ಪೈ ಹೆಸರುವಾಸಿ, ಬಿಸಿಬಿಸಿ ಸಿಕ್ಕಿತು. ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿಕೊಳ್ಳಿ, ಅರ್ಧ ಇದೆಯಲ್ಲ ಎಂದು ಮುಂದೆ ಹೋಗಬೇಡಿ. ಬಂಕಿನ ಹುಡುಗರು ಪೆಟ್ರೋಲ್ ಹಾಕಿ, ಗಾಜನ್ನೂ ಒರೆಸುತ್ತಾರೆ. ಅವರ ಕೈಗೆ ಐದು ನಮೀಬಿಯಾ ಡಾಲರ್ ಇಡುವುದು ರೂಢಿ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ಇಲ್ಲಿ ಸರಿಸಮವಾಗಿ ನಡೆಯುತ್ತದೆ. ನಮೀಬಿಯಾದ ಡಾಲರ್ ಮಾತ್ರ ಆ ಕಡೆ ನಡೆಯುವುದಿಲ್ಲ, ಆದ್ದರಿಂದ ಅದನ್ನು ಇಲ್ಲೇ ಖರ್ಚು ಮಾಡಬೇಕು.

ಸಂಜೆ ಸೆಸ್ರಿಯೆಮ್ ಕಂದರಕ್ಕೆ ಇಳಿದೆ. ತ್ಸೌಚಾಬ್ ಎಂಬ ಒಣ ನದಿ ಸಾವಿರಾರು ವರ್ಷ ಕೊರೆದು ಮಾಡಿದ ಇಕ್ಕಟ್ಟಾದ ಕಮರಿ. ಒಂದು ಮೂಲೆಯಲ್ಲಿ ಹಸಿರು ನೀರಿನ ಮಡು. ಎತ್ತಿನ ಗಾಡಿಯಲ್ಲಿ ಬಂದ ಹಳಬರು ಮೇಲಿನಿಂದ ಈ ನೀರು ಸೇದಲು ಆರು ಮಿಣಿಗಳನ್ನು, ಅಂದರೆ ಚರ್ಮದ ಹಗ್ಗಗಳನ್ನು, ಗಂಟು ಹಾಕಬೇಕಾಗುತ್ತಿತ್ತಂತೆ. ಆಫ್ರಿಕಾನ್ಸ್‌ನಲ್ಲಿ 'ಸೆಸ್' ಎಂದರೆ ಆರು, 'ರಿಯೆಮ್' ಎಂದರೆ ಮಿಣಿ. ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ಬಾವಿಯ ನೀರೆತ್ತುತ್ತಿದ್ದ ಕಾಲದ ಮಿಣಿಯೊಂದು ನಮ್ಮ ಹಳೇ ಮನೆಯ ಅಟ್ಟದಲ್ಲಿ ಇನ್ನೂ ಇದೆ. ಊರಿಗೆ ಹೆಸರಿಡುವಾಗ ಇವರಿಗೆ ರಾಜ ನೆನಪಾಗಲಿಲ್ಲ, ದೇವರು ನೆನಪಾಗಲಿಲ್ಲ. ನೀರು ಎಷ್ಟು ಆಳದಲ್ಲಿದೆ ಎಂಬುದು ನೆನಪಾಯಿತು. ಆ ಮಡುವಿನ ಪಕ್ಕ ಬಹಳ ಹೊತ್ತು ಕೂತೆ.

ಮೂರನೇ ದಿನ: ಸತ್ತ ಮರಗಳ ಬಯಲು

ರಾತ್ರಿ ಟೆಂಟಿನಲ್ಲಿ ವಿಪರೀತ ಚಳಿ. ಜುಲೈ ಅಲ್ಲಿ ಚಳಿಗಾಲ. ಮರುಭೂಮಿ ಎಂದು ತೆಳ್ಳನೆ ಬಟ್ಟೆ ಒಯ್ದರೆ ಕಷ್ಟ. ನಾನು ಇದ್ದದ್ದನ್ನೆಲ್ಲ ಹಾಕಿಕೊಂಡೂ ನಡುಗಿದೆ.

ಇಲ್ಲಿನ ರಾಷ್ಟ್ರೀಯ ಉದ್ಯಾನದ ಒಳಗಿನ ಕ್ಯಾಂಪಿನಲ್ಲಿ ಉಳಿದವರಿಗೆ ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆ ಮೊದಲೇ ಗೇಟು ತೆಗೆಯುತ್ತಾರೆ. ಹೊರಗೆ ಉಳಿದವರು ಸೂರ್ಯೋದಯದ ತನಕ ಕಾಯಬೇಕು. ಅದೊಂದು ಗಂಟೆಗಾಗಿ ಒಳಗಿನ ಜಾಗವನ್ನೇ ಹಿಡಿಯಿರಿ. ಕತ್ತಲಲ್ಲಿ ಅರವತ್ತು ಕಿಲೋಮೀಟರ್ ಟಾರು ರಸ್ತೆ. ಮೂಡಣ ಬೆಳಗಾಗುತ್ತಿದ್ದಂತೆ ಎರಡೂ ಕಡೆ ದಿಬ್ಬಗಳ ಅಂಚು ಮೊದಲು ಕಂಡಿತು, ಆಮೇಲೆ ಬಣ್ಣ. ಒಂದು ಮಗ್ಗುಲು ಕೆಂಡ, ಇನ್ನೊಂದು ಮಗ್ಗುಲು ಕತ್ತಲೆ. ನಡುವೆ ಚಾಕುವಿನಲ್ಲಿ ಕೊಯ್ದಂತೆ ಒಂದು ಗೆರೆ.

ಕೊನೆಯ ಐದು ಕಿಲೋಮೀಟರ್ ಬರೀ ಮರಳು. ನನ್ನ ಪುಟ್ಟ ಕಾರನ್ನು ಅಲ್ಲೇ ಬಿಟ್ಟು, ಅಲ್ಲಿ ಓಡುವ ದೊಡ್ಡ ಗಾಡಿ ಹತ್ತಿದೆ. ಇಳಿದು ಒಂದು ಕಿಲೋಮೀಟರಿನಷ್ಟು ಮರಳಲ್ಲಿ ನಡೆದರೆ ಡೆಡ್‌ವ್ಲೇ.

ಬಿಳಿ ಮಣ್ಣಿನ ತಳ. ಸುತ್ತ ಕೆಂಪು ದಿಬ್ಬಗಳು, ಅವುಗಳಲ್ಲಿ ದೊಡ್ಡದು 300 ಮೀಟರಿಗೂ ಎತ್ತರ. ತಳದಲ್ಲಿ ಕಪ್ಪಗೆ ನಿಂತ ಮರಗಳು. ಒಂದು ಕಾಲದಲ್ಲಿ ತ್ಸೌಚಾಬ್ ನದಿಯ ನೆರೆ ಇಲ್ಲಿಯವರೆಗೂ ಬರುತ್ತಿತ್ತು. ದಿಬ್ಬಗಳು ಸರಿದು ಬಂದು ದಾರಿ ಮುಚ್ಚಿದವು. ಮರಗಳು ಸತ್ತು ಆರೇಳು ನೂರು ವರ್ಷವಾಗಿದೆ ಎನ್ನುತ್ತಾರೆ. ಕೊಳೆಯಲೂ ನೀರು ಬೇಕು. ಅದೂ ಇಲ್ಲದ್ದರಿಂದ ಹಾಗೇ ನಿಂತಿವೆ. ಬಿಸಿಲು ಅವನ್ನು ಕರಿ ಮಾಡಿದೆ.

ಹತ್ತಿರ ಹೋಗಿ ನೋಡಿದಾಗ ಕೊಂಬೆ ಕವಲೊಡೆದ ರೀತಿ ಗುರುತು ಹತ್ತಿತು. ಇವು ನಮ್ಮ ಜಾಲಿಯ ಬಳಗವೇ. ನಮ್ಮ ಹೊಲದ ಬದುವಿನಲ್ಲಿ ಅಜ್ಜ ಕಡಿಯಲು ಬಿಡದೆ ಉಳಿಸಿದ ಜಾಲಿ ಮರವೊಂದಿದೆ. ಬರದ ವರ್ಷವೂ ಎಲೆ ಬಿಡುತ್ತದೆ ಎಂದು ಅವನಿಗೆ ಅದರ ಮೇಲೆ ಪ್ರೀತಿ. ಅದರ ಬೇರಿಗೂ ಸಿಗದಷ್ಟು ನೀರು ದೂರ ಹೋದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ಕಂಡೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾನೂ ತೆಗೆದೆ, ಆದರೆ ಬೇಗ ಫೋನ್ ಒಳಗಿಟ್ಟೆ. ಆ ಮರಗಳನ್ನು ಮುಟ್ಟಬೇಡಿ, ಒರಗಬೇಡಿ. ಒಂದು ಕೊಂಬೆ ಮುರಿದರೆ ಮತ್ತೆ ಬರುವುದಿಲ್ಲ.

ನಾಲ್ಕನೇ ದಿನ: ಟೈರು

ಸಿ14 ರಸ್ತೆಯಲ್ಲಿ ವಾಲ್ವಿಸ್ ಬೇ ಕಡೆಗೆ. ಮಕರ ಸಂಕ್ರಾಂತಿ ವೃತ್ತ ದಾಟುವಲ್ಲಿ ಒಂದು ಫಲಕ, ಅದರ ತುಂಬ ಬಂದವರು ಅಂಟಿಸಿದ ಚೀಟಿಗಳು. ಆಮೇಲೆ ಕುಯಿಸೆಬ್ ಕಣಿವೆ. ಇದೂ ಒಣ ನದಿ. ಆದರೆ ಅದರ ಕೆಲಸ ದೊಡ್ಡದು. ಅಪರೂಪಕ್ಕೆ ನೆರೆ ಬಂದಾಗ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ದಿಬ್ಬಗಳು ಉತ್ತರಕ್ಕೆ ದಾಟಿಲ್ಲ. ದಕ್ಷಿಣಕ್ಕೆ ಕೆಂಪು ಮರಳಿನ ಸಮುದ್ರ, ಉತ್ತರಕ್ಕೆ ಬೂದು ಜಲ್ಲಿಯ ಬಯಲು.

ಆ ಬೂದು ಬಯಲಲ್ಲೇ ಹಿಂದಿನ ಟೈರು ಹೋಯಿತು. ಜಾಕ್ ಹಾಕಿ ಬದಲಿಸುವುದು ನನಗೆ ಬರುತ್ತದೆ. ಬದಲಿಸಿ ಇಳಿಸಿದರೆ ಹೊಸ ಟೈರು ಮೆಲ್ಲಗೆ ಚಪ್ಪಟೆಯಾಯಿತು. ಬಾಡಿಗೆ ಕೊಟ್ಟವರು ಸ್ಪೇರ್ ಟೈರಿಗೆ ಗಾಳಿಯನ್ನೇ ಹಾಕಿರಲಿಲ್ಲ. ಹೊರಡುವ ಮುಂಚೆ ಅದನ್ನೂ ಒತ್ತಿ ನೋಡಬೇಕಿತ್ತು. ನೀವು ನೋಡಿಕೊಳ್ಳಿ, ಸಾಧ್ಯವಾದರೆ ಎರಡು ಸ್ಪೇರ್ ಕೇಳಿ. ಫೋನಿಗೆ ಸಿಗ್ನಲ್ ಇಲ್ಲ. ನೆರಳಿಲ್ಲ. ಹತ್ತು ಲೀಟರ್ ನೀರಿನ ಕ್ಯಾನ್ ಇತ್ತು, ರೊಟ್ಟಿ ಇತ್ತು. ಕಾರಿನ ನೆರಳಿಗೆ ಕೂತೆ. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಹೆದರಿಕೆ ಆಯಿತು, ಇಲ್ಲ ಎನ್ನುವುದಿಲ್ಲ.

ಐವತ್ತು ನಿಮಿಷದ ನಂತರ ಧೂಳು ಕಂಡಿತು. ಹಳೇ ಪಿಕಪ್ ಗಾಡಿ, ಮುಂದೆ ಗಂಡ ಹೆಂಡತಿ, ಹಿಂದೆ ಎರಡು ಮಕ್ಕಳು, ನಾಲ್ಕು ಮೇಕೆ. ಕೈ ಎತ್ತುವ ಮೊದಲೇ ನಿಂತರು. ಇಳಿದವರು ಮೊದಲು "ನಮಸ್ಕಾರ, ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ಕಾದರು. ಈ ದೇಶದಲ್ಲಿ ಏನು ಕೆಲಸವಿದ್ದರೂ ಮೊದಲು ಕ್ಷೇಮ ವಿಚಾರಿಸಬೇಕು. ಅಂಗಡಿಯಲ್ಲಿ, ಪೊಲೀಸ್ ಚೆಕ್‌ಪೋಸ್ಟಿನಲ್ಲಿ, ಎಲ್ಲಾ ಕಡೆ. ಟೈರು ಹೋಗಿ ಮರುಭೂಮಿಯಲ್ಲಿ ಕೂತವಳಿಗೂ ಅದೇ ಮರ್ಯಾದೆ.

ಅವರ ಬಳಿ ಗಾಳಿ ಹಾಕುವ ಪುಟ್ಟ ಯಂತ್ರ ಇತ್ತು. ತಮ್ಮತಮ್ಮಲ್ಲಿ ನಾಲಿಗೆ ಲೊಟಕಿಸುವ ಸದ್ದುಗಳಿರುವ ಭಾಷೆಯಲ್ಲಿ ಮಾತಾಡಿಕೊಂಡರು. ನಾಮಾ ಮತ್ತು ದಾಮರಾ ಜನರ ಖೋಯೆಖೋಯೆ ಭಾಷೆ. ಟೈರು ನಿಲ್ಲುವವರೆಗೆ ಹೊರಡಲಿಲ್ಲ. ದುಡ್ಡು ಕೊಡಹೋದರೆ ಬೇಡವೆಂದರು. ಮಕ್ಕಳಿಗೆ ಶೇಂಗಾ ಚಿಕ್ಕಿ ಕೊಟ್ಟೆ. "ಮೇಕೆಗಳನ್ನು ಮಾರಲು ಒಯ್ಯುತ್ತಿದ್ದೇವೆ. ಮೇವಿಲ್ಲ, ಇಟ್ಟುಕೊಂಡರೆ ಸಾಯುತ್ತವೆ" ಎಂದರು ಆ ಹೆಂಗಸು. ಬರದ ವರ್ಷ ನಮ್ಮಲ್ಲೂ ಸಂತೆಗೆ ಹೋಗುವ ದನಗಳ ಗಾಡಿ ಹೀಗೇ ಇರುತ್ತದೆ. 'ಕೈ ಆಯೋಸ್' ಎಂದರೆ ಬಹಳ ಧನ್ಯವಾದ ಎಂದು ಚಿಕ್ಕವನು ಹೇಳಿಕೊಟ್ಟ. ಅದನ್ನೇ ಅವರಿಗೆ ಹೇಳಿದೆ.

ಐದನೇ ದಿನ: ಸ್ವಾಕೊಪ್‌ಮುಂಡ್

ಬೆಳಿಗ್ಗೆ ಕಿಟಕಿ ತೆಗೆದರೆ ಎದುರು ಮನೆ ಕಾಣದಷ್ಟು ಮಂಜು. ದಕ್ಷಿಣದಿಂದ ಬರುವ ಬೆಂಗ್ವೆಲಾ ಪ್ರವಾಹದಿಂದ ಇಲ್ಲಿ ಕಡಲು ತಣ್ಣಗಿರುತ್ತದೆ. ಅದರ ಮೇಲಿನ ಗಾಳಿಯ ತೇವ ಮೇಲೇರಿ ಮೋಡವಾಗುವುದಿಲ್ಲ, ಮಂಜಾಗಿ ನೆಲಕ್ಕೆ ತಬ್ಬಿಕೊಳ್ಳುತ್ತದೆ. ಮಳೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆ ಮಂಜನ್ನೇ ನಂಬಿ ಬದುಕುವ ಜೀವಗಳಿವೆ. ಒಂದು ಜಾತಿಯ ಕಪ್ಪು ಜೀರುಂಡೆ ದಿಬ್ಬದ ನೆತ್ತಿಗೆ ಹೋಗಿ ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಬೆನ್ನ ಮೇಲೆ ಕೂಡಿದ ಹನಿ ಉರುಳಿ ಬಾಯಿಗೆ ಬರುತ್ತದೆ.

ಪರವಾನಗಿ ಪಡೆದು ವೆಲ್ವಿಚಿಯಾ ಗಿಡಗಳನ್ನು ನೋಡಲು ಹೋದೆ. ಹರಿದ ಹಳೇ ಚಾಪೆಯನ್ನು ನೆಲಕ್ಕೆ ಬಿಸಾಡಿದಂತೆ ಕಾಣುತ್ತದೆ. ಇರುವುದು ಎರಡೇ ಎಲೆ. ಹುಟ್ಟಿದಾಗ ಬಂದ ಎರಡು ಎಲೆಗಳೇ ಬುಡದಿಂದ ಬೆಳೆಯುತ್ತಾ, ಗಾಳಿಗೆ ಸೀಳುತ್ತಾ ಹೋಗುತ್ತವೆ. ಕೆಲವು ಸಾವಿರ ವರ್ಷ ದಾಟಿವೆ. ನಮ್ಮಲ್ಲಿ ಬಸವಣ್ಣನವರು ಇದ್ದ ಕಾಲಕ್ಕೆ ಮೊಳೆತ ಗಿಡ ಇನ್ನೂ ಅದೇ ಎಲೆಯಲ್ಲಿ ಉಸಿರಾಡುತ್ತಿದೆ ಎಂದುಕೊಂಡಾಗ ಮೈ ಜುಮ್ಮೆಂದಿತು.

ಊರು ಜರ್ಮನ್ ಕಾಲದ ಕಟ್ಟಡಗಳಿಂದ ಅಚ್ಚುಕಟ್ಟಾಗಿದೆ. ಸಂಜೆ ನಾನು ಸ್ಮಶಾನದ ಕಡೆ ನಡೆದೆ. ಮುಂದೆ ಹೆಸರು ಕೆತ್ತಿದ ಕಲ್ಲು, ಹೂಗಿಡ. ಅದರಾಚೆ ಬೋಳು ಮರಳಲ್ಲಿ ಸಣ್ಣ ಸಣ್ಣ ಗುಡ್ಡೆಗಳು, ಒಂದಕ್ಕೂ ಹೆಸರಿಲ್ಲ. 1904ರಿಂದ 1908ರವರೆಗೆ ಜರ್ಮನ್ ಆಡಳಿತ ಹೆರೆರೊ ಮತ್ತು ನಾಮಾ ಜನರನ್ನು ನಾಶ ಮಾಡಿತು. ವಾಟರ್‌ಬರ್ಗ್ ಯುದ್ಧದ ನಂತರ ಹೆರೆರೊಗಳನ್ನು ಹೆಂಗಸರು ಮಕ್ಕಳ ಸಮೇತ ಒಮಾಹೆಕೆ ಮರುಭೂಮಿಗೆ ಅಟ್ಟಿ, ನೀರಿನ ಹೊಂಡಗಳ ಬಳಿ ಹೋಗದಂತೆ ಕಾವಲು ಹಾಕಿದರು. ಹತ್ತಾರು ಸಾವಿರ ಜನ ಬಾಯಾರಿ ಸತ್ತರು, ಗುಂಡಿಗೆ ಬಲಿಯಾದರು. ಉಳಿದವರನ್ನು ಇಂಥ ಊರುಗಳ ಶಿಬಿರಗಳಿಗೆ ತಂದು ದುಡಿಸಿದರು. ಇದು ನರಮೇಧ ಎಂದು ಜರ್ಮನಿ ಒಪ್ಪಿಕೊಂಡದ್ದು 2021ರಲ್ಲಿ. ನೀರು ಸಿಗದಿರುವುದು ಒಂದು ಕಷ್ಟ. ಇರುವ ನೀರನ್ನು ಮನುಷ್ಯರೇ ಮನುಷ್ಯರಿಗೆ ತಪ್ಪಿಸುವುದು ಇನ್ನೊಂದು. ನಮ್ಮ ಊರುಗಳಲ್ಲೂ ಕೆಲವರಿಗೆ ಬಾವಿಯ ಹತ್ತಿರ ಬರಲು ಬಿಡದ ಕಾಲವಿತ್ತು. ಕಾಲ ಪೂರ್ತಿ ಮುಗಿದಿಲ್ಲ. ಆ ಗುಡ್ಡೆಗಳ ಮುಂದೆ ಚಪ್ಪಲಿ ಬಿಟ್ಟು ನಿಂತೆ.

ಆರರಿಂದ ಎಂಟನೇ ದಿನ: ಸ್ಪಿಟ್ಸ್‌ಕೊಪೆ, ಎಟೋಷಾ

ಸ್ಪಿಟ್ಸ್‌ಕೊಪೆಯ ಬಂಡೆಗಳ ನಡುವೆ ಒಂದು ರಾತ್ರಿ. ಹಂಪಿ ನೋಡಿದವರಿಗೆ ಆ ಬಂಡೆಗಳು ಪರಿಚಿತವೆನಿಸುತ್ತವೆ, ಆದರೆ ನಕ್ಷತ್ರ ಅಷ್ಟು ಕೆಳಗೆ ಬರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮರುದಿನ ಬಹಳ ದೂರ ಓಡಿಸಿ ಎಟೋಷಾ ರಾಷ್ಟ್ರೀಯ ಉದ್ಯಾನದ ಒಕಾಕುಯೊ ಕ್ಯಾಂಪ್ ಸೇರಿದೆ. ಕ್ಯಾಂಪಿನ ಬೇಲಿಗೆ ಹತ್ತಿಕೊಂಡೇ ನೀರಿನ ಹೊಂಡ, ರಾತ್ರಿಯಿಡೀ ಮಂದ ದೀಪ. ಊಟ ಮುಗಿಸಿ ಎಂಟಕ್ಕೆ ಹೋಗಿ ಕೂತವಳು ಹನ್ನೆರಡರವರೆಗೆ ಏಳಲಿಲ್ಲ. ಎಪ್ಪತ್ತು ಎಂಬತ್ತು ಜನರಿದ್ದರೂ ಯಾರೂ ಮಾತಾಡುತ್ತಿರಲಿಲ್ಲ. ಮೊದಲು ಆನೆಗಳ ಹಿಂಡು ಬಂತು. ಇಲ್ಲಿನ ಸುಣ್ಣದ ಧೂಳು ಮೆತ್ತಿ ಬೆಳ್ಳಗೆ ಕಾಣುತ್ತಿದ್ದವು. ಒಂದು ಕಪ್ಪು ಘೇಂಡಾಮೃಗ ಕತ್ತಲಿನಿಂದ ಬಂದು ಸ್ವಲ್ಪ ದೂರದಲ್ಲಿ ನಿಂತಿತು. ಆನೆಗಳು ಕುಡಿಯುವವರೆಗೆ ಅರ್ಧ ಗಂಟೆ ಕದಲಲಿಲ್ಲ. ಅವು ಹೋದ ಮೇಲೆ ನೀರಿಗೆ ಇಳಿಯಿತು, ಹಿಂದೆ ಮರಿ. ಅದರಾಚೆ ಜಿರಾಫೆಗಳು ತಮ್ಮ ಸರದಿ ಕಾಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನಾನು ನಡುಗುವುದನ್ನು ನೋಡಿ ತಮ್ಮ ಕಂಬಳಿಯ ಅರ್ಧ ನನ್ನ ಮೇಲೆ ಹೊದಿಸಿದರು. ಫ್ಲಾಸ್ಕಿನಿಂದ ರೂಯ್‌ಬೋಸ್ ಚಹಾ ಬಗ್ಗಿಸಿ ಕೊಟ್ಟರು. ಒಮಾರೂರು ಊರಿನವರು, ನಿವೃತ್ತ ನರ್ಸ್. ಪ್ರತಿ ವರ್ಷ ಬರುತ್ತಾರಂತೆ. "ಈ ವರ್ಷ ಪ್ರಾಣಿಗಳು ಜಾಸ್ತಿ. ಕಾಡಿನೊಳಗೆ ನೀರಿಲ್ಲ ಎಂದು ಅರ್ಥ" ಎಂದು ಪಿಸುಗುಟ್ಟಿದರು. ಪ್ರವಾಸಿಗೆ ಒಳ್ಳೆಯ ಕಾಲ, ಕಾಡಿಗೆ ಕೆಟ್ಟ ಕಾಲ. ಆಮೇಲೆ ಆ ಆನೆಗಳನ್ನು ನೋಡುವಾಗ ಖುಷಿಯ ಜೊತೆ ಸಂಕಟವೂ ಇತ್ತು.

ಎಟೋಷಾ ಎಂದರೆ 'ದೊಡ್ಡ ಬಿಳಿ ಜಾಗ'. ಸುಮಾರು 4,800 ಚದರ ಕಿಲೋಮೀಟರಿನ ಉಪ್ಪಿನ ಬಯಲು. ಅದರ ಅಂಚಿನಲ್ಲೇ ಇಡೀ ದಿನ ಗಂಟೆಗೆ 60ರ ಒಳಗೆ ಓಡಿಸಿ ನಾಮುಟೋನಿ ತಲುಪಿದೆ. ಕತ್ತಲಾಗುವುದರೊಳಗೆ ಕ್ಯಾಂಪ್ ಸೇರಲೇಬೇಕು, ಗೇಟು ಮುಚ್ಚುತ್ತಾರೆ.

ಒಂಬತ್ತು, ಹತ್ತನೇ ದಿನ: ಮಹಾಂಗು ನಾಡು

ನೆಹಾಲೆ ದೊರೆಯ ಹೆಸರಿನ ಗೇಟಿನಿಂದ ಉತ್ತರಕ್ಕೆ ಹೊರಬಿದ್ದೆ. 1904ರ ಜನವರಿಯಲ್ಲಿ ನಾಮುಟೋನಿಯ ಜರ್ಮನ್ ಕೋಟೆಯ ಮೇಲೆ ಪಡೆ ಕಳಿಸಿದ ದೊರೆ ಅವನು. ಗೇಟು ದಾಟಿದ ಮೇಲೆ ದೇಶವೇ ಬದಲಾಯಿತು. ತಾಳೆ ಮರಗಳು, ಮರದ ಗಳುಗಳ ಬೇಲಿಯೊಳಗಿನ ಮನೆಗಳು, ರಸ್ತೆಯಲ್ಲಿ ದನ, ಕತ್ತೆ, ಶಾಲೆ ಬಿಟ್ಟ ಮಕ್ಕಳು. ಎಷ್ಟೋ ದಿನಗಳ ನಂತರ ಜನ! ಪ್ರವಾಸಿಗಳು ಈ ಕಡೆ ಹೆಚ್ಚು ಬರುವುದಿಲ್ಲ, ಆದರೆ ದೇಶದ ಅರ್ಧದಷ್ಟು ಜನ ಇರುವುದು ಈ ಉತ್ತರದಲ್ಲೇ. ಎಲ್ಲರೂ ನನ್ನನ್ನು 'ಮೇಮೆ' ಎಂದು ಕರೆದರು. ನಮ್ಮಲ್ಲಿ ಗುರುತಿಲ್ಲದ ಹೆಂಗಸನ್ನು 'ಅವ್ವಾ', 'ಅಕ್ಕಾ' ಎನ್ನುವ ಹಾಗೆ.

ಒಂಡಾಂಗ್ವಾದಲ್ಲಿ ಉಳಿದ ಮನೆಯೊಡತಿ ಶಾಲಾ ಶಿಕ್ಷಕಿ. ರಾತ್ರಿ ಸಜ್ಜಿ ರೊಟ್ಟಿಯ ಕಥೆ ಹೇಳಿದೆ. ಬೆಳಿಗ್ಗೆ ಎದ್ದಾಗ ಅವರು ತಯಾರಾಗಿ ನಿಂತಿದ್ದರು. "ನಡಿ, ನಮ್ಮ ಅಮ್ಮನ ಮನೆಗೆ."

ಮರಳು ದಾರಿಯಲ್ಲಿ ಅರ್ಧ ಗಂಟೆ. ಗಳುಗಳ ಬೇಲಿಯೊಳಗೆ ಓಣಿಯಂಥ ದಾರಿ, ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಗುಡಿಸಲು. ಎಂಬತ್ತರ ಹತ್ತಿರದ ಅಜ್ಜಿ. ಅಜ್ಜಿಗೆ ಅಲ್ಲಿ 'ಕುಕು' ಎನ್ನುತ್ತಾರೆ. "ವಾ ಲಲ ಪೋ?" ಎಂದರು, ಚೆನ್ನಾಗಿ ಮಲಗಿದ್ದೆಯಾ ಎಂದು. ಎರಡೂ ಕೈ ಹಿಡಿದುಕೊಂಡರು.

ಗಟ್ಟಿ ಮಣ್ಣಿನ ನೆಲದಲ್ಲೇ ಹೂತ ಒರಳು, ಆಳೆತ್ತರದ ಒನಕೆ. ಮೊಮ್ಮಗಳು ಕುಟ್ಟುತ್ತಿದ್ದಳು. ನಾನೂ ಇನ್ನೊಂದು ಒನಕೆ ತೆಗೆದುಕೊಂಡೆ. ಒಬ್ಬರು ಎತ್ತುವಾಗ ಇನ್ನೊಬ್ಬರು ಹಾಕಬೇಕು. ನಮ್ಮ ಅಮ್ಮಜ್ಜಿ ಚಿಕ್ಕಂದಿನಲ್ಲಿ ಕಲಿಸಿದ ಲಯ ಕೈಗೆ ಬಂತು. ಅಜ್ಜಿ ಜೋರಾಗಿ ಕೇಕೆ ಹಾಕಿದರು, ಅಲ್ಲಿ ಹೆಂಗಸರು ಸಂತೋಷಕ್ಕೆ ಹಾಗೆ ಕೇಕೆ ಹಾಕುತ್ತಾರೆ.

ಊಟಕ್ಕೆ ಓಶಿಫಿಮಾ. ಕುದಿಯುವ ನೀರಿಗೆ ಸಜ್ಜೆ ಹಿಟ್ಟು ಹಾಕಿ ತಿರುವಿ ತಿರುವಿ ಮಾಡಿದ ಮುದ್ದೆ. ಜೊತೆಗೆ ಓಂಬಿದಿ ಎಂಬ ಕಾಡುಸೊಪ್ಪು. ಮಳೆಗಾಲದಲ್ಲಿ ಕಿತ್ತು ಬೇಯಿಸಿ, ಬಿಲ್ಲೆ ತಟ್ಟಿ ಒಣಗಿಸಿಟ್ಟದ್ದು. ಅದನ್ನು ಮತ್ತೆ ಬೇಯಿಸಿ ಮರೂಲಾ ಬೀಜದ ಎಣ್ಣೆ ಬಿಟ್ಟಿದ್ದರು. ಒಂದೇ ಬೋಗುಣಿ, ಸುತ್ತ ಎಲ್ಲರೂ. ಮುರಿದು, ಅದ್ದಿ, ತಿಂದೆ. ಹಲ್ಲಿಗೆ ಸ್ವಲ್ಪ ಮರಳು ತಾಗಿತು. ಅದೂ ಮನೆಯ ನೆನಪೇ. ಹತ್ತು ದಿನದಲ್ಲಿ ಹೊಟ್ಟೆ ತುಂಬಿತು ಎನಿಸಿದ ಊಟ ಅದೊಂದೇ. ಶೇಂಗಾ ಚಟ್ನಿಯ ಡಬ್ಬಿ ಮುಂದಿಟ್ಟೆ. ಕುಕು ಅದರಲ್ಲಿ ಮುದ್ದೆ ಅದ್ದಿ ತಿಂದು, ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆಮೇಲೆ ಕಣಜ ತೋರಿಸಲು ಕರೆದೊಯ್ದರು. ಮೋಪಾನೆ ಮರದ ಕಡ್ಡಿಗಳಿಂದ ಹೆಣೆದ ನನ್ನೆತ್ತರದ ಬುಟ್ಟಿಗಳು, ಮಣ್ಣು ಸವರಿ, ಗೂಟಗಳ ಮೇಲೆ ಇಟ್ಟು, ಹುಲ್ಲಿನ ಮುಚ್ಚಳ ಹಾಕಿದ್ದರು. ಮೂರು ಇದ್ದವು. ಎರಡನ್ನು ಬಡಿದಾಗ ಟೊಳ್ಳು ಸದ್ದು ಬಂತು. ಮೂರನೆಯದರ ಮುಚ್ಚಳ ಸರಿಸಿದರು. ಮೊಮ್ಮಗಳು ನನ್ನನ್ನು ಎತ್ತಿ ಹಿಡಿದಳು. ತಳದಲ್ಲಿ ಕಾಳಿತ್ತು, ಮೊಣಕೈಯಷ್ಟು ಆಳ.

"ಒಳ್ಳೆಯ ವರ್ಷದ ಕಾಳು ಮುಂದಿನ ಕೆಟ್ಟ ವರ್ಷಕ್ಕೆ ಎಂದು ಇಡುತ್ತೇವೆ. ಈ ಸಲ ತೆನೆಯಲ್ಲಿ ಕಾಳೇ ಕಟ್ಟಲಿಲ್ಲ" ಎಂದರು ಶಿಕ್ಷಕಿ. ಆ ಕಣಜದಿಂದ ತೆಗೆದ ಕಾಳನ್ನೇ ನಾನು ಈಗಷ್ಟೇ ಉಂಡದ್ದು. ಏನು ಹೇಳಬೇಕೋ ತಿಳಿಯಲಿಲ್ಲ. ಕುಕು ಮಗಳ ಮೂಲಕ ಕೇಳಿದರು: "ನಿಮ್ಮ ಕಡೆ ಮಳೆ ಹೇಗೆ?" ಹೋದ ವರ್ಷ ಇರಲಿಲ್ಲ, ಈ ವರ್ಷ ಚೆನ್ನಾಗಿದೆ ಎಂದೆ. ಅವರು ಎರಡು ಸಲ ತಲೆಯಾಡಿಸಿ, ಏನೋ ಹೇಳಿ ನನ್ನ ತಲೆ ಸವರಿದರು. "ನಿಮ್ಮ ಮಳೆಗೆ ಸಂತೋಷ ಪಟ್ಟರು" ಎಂದರು ಮಗಳು. "ತಾಂಗಿ ಉನೇನೆ" ಎಂದೆ. ಬಹಳ ಉಪಕಾರವಾಯಿತು ಎಂದು ಅದರ ಅರ್ಥ. ಸಾಲದು ಅನಿಸಿತು.

ಹನ್ನೊಂದನೇ ದಿನ: ಬಿ1 ಹೆದ್ದಾರಿ

ಒಂಡಾಂಗ್ವಾದಿಂದ ವಿಂಡ್‌ಹುಕ್‌ಗೆ ಸುಮಾರು 680 ಕಿಲೋಮೀಟರ್, ಪೂರ್ತಿ ಟಾರು. ಬೆಳಕು ಹರಿಯುತ್ತಲೇ ಹೊರಟೆ. ಕತ್ತಲಾದ ಮೇಲೆ ರಸ್ತೆಗೆ ಕುಡು ಜಿಂಕೆ, ಕಾಡುಹಂದಿ ನುಗ್ಗುತ್ತವೆ, ರಾತ್ರಿ ಓಡಿಸಬೇಡಿ. ಓಶಿವೇಲೋ ಚೆಕ್‌ಪೋಸ್ಟಿನಲ್ಲಿ ಹಸಿ ಮಾಂಸ ಇದೆಯಾ ಎಂದು ಕೇಳುತ್ತಾರೆ. ಉತ್ತರದ ದನಗಳ ರೋಗ ದಕ್ಷಿಣಕ್ಕೆ ದಾಟದಿರಲಿ ಎಂದು ಈ ತಪಾಸಣೆ. ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿ "ನಮ್ಮ ಚೀತಾಗಳು ಹೇಗಿವೆ?" ಎಂದರು. 2022ರ ಸೆಪ್ಟೆಂಬರಿನಲ್ಲಿ ಇಲ್ಲಿಂದಲೇ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವಲ್ಲ. ಕೆಲವು ಸತ್ತವು, ಮರಿಗಳೂ ಹುಟ್ಟಿವೆ ಎಂದೆ. "ಮರಿ ಹುಟ್ಟಿವೆಯಾ! ಹಾಗಾದರೆ ಒಗ್ಗಿಕೊಂಡಿವೆ" ಎಂದು ಗೇಟು ಎತ್ತಿದರು.

ಸಂಜೆ ಐದೂವರೆಗೆ ವಿಂಡ್‌ಹುಕ್. ಅದೇ ಮನೆ, ಅದೇ ಅಡುಗೆಮನೆ. ನಲ್ಲಿಯಿಂದ ಲೋಟ ತುಂಬಿಕೊಂಡು ಹಿತ್ತಲಿಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಒಂಬತ್ತು ಗಂಟೆ. ತೊಗರಿ ಬಿತ್ತಿದ್ದು ಚಲೋ ಎದ್ದಿದೆ ಎಂದ. ನಾನು ಕುಕು, ಒನಕೆ, ಕಣಜ ಎಲ್ಲ ಹೇಳಿದೆ. ಅಪ್ಪ ನಡುವೆ ಮಾತಾಡದೆ ಕೇಳಿದ.

"ಅಲ್ಲಿ ಮಳಿ ಯಾವಾಗವಾ?"

"ನವೆಂಬರಕ್ಕ ಸುರು ಆಗಬೇಕಂತಪ್ಪ. ಕೊಯ್ಲು ಮೇ, ಜೂನ್‌ಗೆ."

ಅವನು ಲೆಕ್ಕ ಹಾಕುತ್ತಿರುವುದು ನನಗೆ ಫೋನಿನಲ್ಲೇ ಗೊತ್ತಾಯಿತು.

"ಕಣಜದಾಗ ಎಷ್ಟೈತಿ ಅಂದಿ?"

"ಮೊಳಕೈಯಷ್ಟು."

"ಮನ್ಯಾಗ ಎಷ್ಟು ಮಂದಿ?"